ಸಿಗದ ಅನಿಲಕ್ಕೆ ಕೊಟ್ಟ ದುಡ್ಡು

ಕೊಡಗಿನ ಭಾಗಮಂಡಲದ ಹತ್ತಿರದ ತೋಟದ ಮನೆಯೊಂದರಲ್ಲಿ, ಕಕ್ಕಡ ತಿಂಗಳ ಮಳೆ ಬಿಡದೆ ಹೊಡೆಯುತ್ತಿದ್ದಾಗ ನಡೆದ ಮಾತು. ಒಬ್ಬರು ಕಾಫಿ ಬೆಳೆಗಾರ. ಇನ್ನೊಬ್ಬಳು ಅವರ ತಂಗಿಯ ಮಗಳು, ಕಡಲಡಿಯ ಕೆಸರನ್ನು ಅಭ್ಯಾಸ ಮಾಡುವ ಸಂಶೋಧಕಿ.

ಬೆಳೆಗಾರ: ಕಡಲಡಿಯ ಮಂಜುಗಡ್ಡೆಯಲ್ಲಿ ಅನಿಲ ಇದೆ, ಅದನ್ನು ಹುಡುಕುವುದಕ್ಕೆ ಸರ್ಕಾರ 1997ರಿಂದ ದುಡ್ಡು ಹಾಕುತ್ತಿದೆ ಅಂದೆಯಲ್ಲ. ಹತ್ತಿರ ಹತ್ತಿರ ಮೂವತ್ತು ವರ್ಷ ಆಯಿತು. ಇಷ್ಟರಲ್ಲಿ ಅದರಿಂದ ಒಂದು ಮನೆಯ ಒಲೆಯಾದರೂ ಉರಿದಿದೆಯಾ?

ಸಂಶೋಧಕಿ: ಇಲ್ಲ ಮಾವ, ಒಂದೂ ಉರಿದಿಲ್ಲ. ನಮ್ಮಲ್ಲಿ ಅಂತಲ್ಲ, ಎಲ್ಲಿಯೂ ಇಲ್ಲ. ಜಪಾನಿನವರು, ಚೀನಾದವರು ಪರೀಕ್ಷೆಗೆ ಅಂತ ಕಡಲಿನಿಂದ ತೆಗೆದು ನೋಡಿದ್ದಾರೆ. ಮಾರುವುದಕ್ಕೆ ಅಂತ ಕಡಲಡಿಯಿಂದ ಯಾರೂ ಇನ್ನೂ ತೆಗೆದಿಲ್ಲ.

ಬೆಳೆಗಾರ: ಮತ್ತೆ ಯಾಕೆ ಬೇಕು ಅದು? ಇಲ್ಲಿ ಬರೆ ಜರಿದು ಮುಚ್ಚಿದ ರಸ್ತೆ ಬಿಡಿಸುವುದಕ್ಕೆ ಜೆಸಿಬಿ ಬರಬೇಕಾದರೆ ಎಷ್ಟು ಸಲ ಫೋನ್ ಮಾಡಬೇಕು, ನಿನಗೇ ಗೊತ್ತು.

ಸಂಶೋಧಕಿ: ನೀವು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮೊದಲು ಅದು ಏನು ಅಂತ ಕೇಳಿ, ಆಮೇಲೆ ಬೇಕೋ ಬೇಡವೋ ಹೇಳಿ. ಕಡಲಿನ ಆಳದಲ್ಲಿ ಚಳಿ ಜಾಸ್ತಿ, ಮೇಲಿನ ನೀರಿನ ಒತ್ತಡವೂ ಜಾಸ್ತಿ. ಒಂದು ಕಿಲೋಮೀಟರ್ ಆಳಕ್ಕೆ ಹೋದರೆ ನಾವಿಲ್ಲಿ ತಡೆದುಕೊಂಡಿರುವ ಗಾಳಿಯ ಒತ್ತಡದ ಸುಮಾರು ನೂರು ಪಟ್ಟು. ಅಂಥ ಜಾಗದಲ್ಲಿ ನೀರಿನ ಕಣಗಳು ಕೂಡಿಕೊಂಡು ಪಂಜರ ಕಟ್ಟುತ್ತವೆ, ಒಳಗೆ ಮೀಥೇನ್ ಕೂರುತ್ತದೆ. ಅದೇ ಮೀಥೇನ್ ಹೈಡ್ರೇಟ್. ನೋಡಲು ಬರ್ಫ, ಬೆಂಕಿ ತೋರಿಸಿದರೆ ಉರಿಯುತ್ತದೆ. ಒಂದು ಘನ ಮೀಟರ್ ಗಡ್ಡೆ ಕರಗಿದರೆ ಸುಮಾರು 160 ಘನ ಮೀಟರ್ ಅನಿಲ ಬಿಡುತ್ತದೆ. ಮೇಲಕ್ಕೆ ಎತ್ತಿದರೆ ಒತ್ತಡ ಇಳಿದು ದಾರಿಯಲ್ಲೇ ಕರಗಿಹೋಗುತ್ತದೆ, ಅದಕ್ಕೇ ಇದು ಕಲ್ಲಿದ್ದಲಿನ ಹಾಗೆ ಅಗೆದು ತುಂಬಿಕೊಂಡು ಬರುವ ವಸ್ತುವಲ್ಲ.

ಬೆಳೆಗಾರ: ಆ ಮೀಥೇನ್ ಅಲ್ಲಿಗೆ ಬಂದದ್ದು ಎಲ್ಲಿಂದ?

ಸಂಶೋಧಕಿ: ಮೇಲಿನಿಂದ, ನದಿಗಳ ಜೊತೆ. ನದಿ ಹೊತ್ತು ತಂದ ಎಲೆ, ಬೇರು, ಮಣ್ಣು, ಕಡಲಿನದೇ ಸತ್ತ ಜೀವಿಗಳು, ಎಲ್ಲ ಪದರ ಪದರವಾಗಿ ಹೂತುಹೋಗುತ್ತವೆ. ಗಾಳಿಯಾಡದ ಆ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ ಮೀಥೇನ್ ಮಾಡುತ್ತವೆ. ನಮ್ಮ ದೇಶದಲ್ಲಿ ಅದು ಚೆನ್ನಾಗಿ ಸಿಕ್ಕಿದ್ದು ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ ಮುಖಜಭೂಮಿಯ ಹೊರಗೆ. ಕೃಷ್ಣೆ ಅಂದರೆ ತುಂಗೆ, ಭದ್ರೆಯೂ ಸೇರಿದವು ಅಲ್ಲವಾ? ಮಲೆನಾಡಿನ ಕಾಡು ಉದುರಿಸಿದ ಎಲೆ ಲಕ್ಷಾಂತರ ವರ್ಷ ಆ ಕಡೆಗೆ ಹರಿದಿದೆ. ನಮ್ಮ ಕಾವೇರಿ ಪೂಂಪುಹಾರಿನ ಹತ್ತಿರ ಕಡಲು ಸೇರುತ್ತಾಳೆ, ಅದು ಬೇರೆ.

ಬೆಳೆಗಾರ: ಪೂರ್ವದ ಕಡಲಿನ ಮಾತಾಯಿತು. ಪಶ್ಚಿಮದ್ದು? ಬ್ರಹ್ಮಗಿರಿ ತುದಿ ಹತ್ತಿದರೆ ಆಕಾಶ ತಿಳಿಯಾಗಿದ್ದ ದಿನ ಅರಬ್ಬಿ ಸಮುದ್ರ ಕಾಣುತ್ತದೆ ಅಂತಾರೆ. ನಮಗೆ ಹತ್ತಿರದ ಕಡಲು ಅದೇ.

ಸಂಶೋಧಕಿ: ಅದನ್ನೂ ನೋಡಿದ್ದಾರೆ ಮಾವ, ಎಲ್ಲಕ್ಕಿಂತ ಮೊದಲು ನೋಡಿದ್ದೇ ಅಲ್ಲಿ. 2006ರಲ್ಲಿ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದವರು ಜಾಯ್ಡಸ್ ರೆಸಲ್ಯೂಷನ್ ಅನ್ನುವ ಕೊರೆಯುವ ಹಡಗನ್ನು ತರಿಸಿದರು. ಏಪ್ರಿಲ್ ಕೊನೆಯಲ್ಲಿ ಮುಂಬೈ ಬಿಟ್ಟು ಚೆನ್ನೈಗೆ ಹೋಗುವ ದಾರಿಯಲ್ಲಿ ಮೊದಲ ಬಾವಿ ಕೊರೆದದ್ದು ಕೇರಳ-ಕೊಂಕಣದ ಕಡಲಲ್ಲಿ, ಎರಡೂವರೆ ಕಿಲೋಮೀಟರಿಗೂ ಹೆಚ್ಚು ಆಳದ ನೀರಿನಲ್ಲಿ. ಅದಕ್ಕೆ ಮೊದಲು ಮಾಡಿದ ಸರ್ವೆಯಲ್ಲಿ ಹೈಡ್ರೇಟ್ ಇರಬಹುದು ಅಂತ ಕಂಡಿತ್ತು.

ಬೆಳೆಗಾರ: ಸಿಕ್ಕಿತಾ?

ಸಂಶೋಧಕಿ: ಇಲ್ಲ. ಸುಣ್ಣದ ಅಂಶ ಹೆಚ್ಚಿದ್ದ ಕೆಸರು ಸಿಕ್ಕಿತು, ಸೂಕ್ಷ್ಮ ಚಿಪ್ಪುಗಳು ಸಿಕ್ಕವು. ಹೈಡ್ರೇಟಿನ ಗುರುತೇ ಇರಲಿಲ್ಲ.

ಬೆಳೆಗಾರ: ಅಲ್ಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಸಂಶೋಧಕಿ: ಅಲ್ಲೇ ನಾನು ಒಪ್ಪುವುದಿಲ್ಲ. ಆ ಬಾವಿ ಕೊರೆಯದೆ ಇದ್ದಿದ್ದರೆ ಪಶ್ಚಿಮ ಕರಾವಳಿಯುದ್ದಕ್ಕೂ ಸಂಪತ್ತು ತುಂಬಿದೆ ಅಂತ ಇವತ್ತಿಗೂ ನಕ್ಷೆಯಲ್ಲಿ ಬಣ್ಣ ಬಳಿದುಕೊಂಡೇ ಇರುತ್ತಿದ್ದೆವು. ಪೇಪರಿನಲ್ಲಿ ಓದಿರುತ್ತೀರಿ, ಭಾರತದ ಕಡಲಲ್ಲಿ 1,894 ಲಕ್ಷ ಕೋಟಿ ಘನ ಮೀಟರ್ ಹೈಡ್ರೇಟ್ ಅನಿಲ ಇದೆ ಅಂತ. ದೇಶ ಈಗ ವರ್ಷಕ್ಕೆ ಬಳಸುವುದು 7,000 ಕೋಟಿ ಘನ ಮೀಟರಿನ ಆಸುಪಾಸು. ಭಾಗಿಸಿ ನೋಡಿ, 27,000 ವರ್ಷಕ್ಕೆ ಸಾಕು ಅನ್ನುತ್ತದೆ ಲೆಕ್ಕ. ಅಂಥ ಲೆಕ್ಕ ಕೇಳಿ ಯಾರು ತಾನೇ ಮರುಳಾಗುವುದಿಲ್ಲ? ಎಲ್ಲೆಲ್ಲಿ ಚಳಿ ಮತ್ತು ಒತ್ತಡ ಸಾಕಷ್ಟಿದೆಯೋ ಅಲ್ಲೆಲ್ಲ ಇದ್ದೀತು ಅಂತ ಊಹಿಸಿ ಮಾಡಿದ ಅಂದಾಜು ಅದು. ಇದ್ದೀತು ಅನ್ನುವುದಕ್ಕೂ ಇದೆ ಅನ್ನುವುದಕ್ಕೂ ನಡುವೆ ಕೊರೆಯುವ ಕೋಲು ಇಳಿಯಲೇಬೇಕು. ನಮ್ಮ ಕಡೆಯ ಕಡಲಲ್ಲಿ ಆ ಕೋಲು ಇಳಿದ ಜಾಗದಲ್ಲಿ ಇಲ್ಲ ಅಂದಿತು.

ಬೆಳೆಗಾರ: ಇಲ್ಲ ಅಂತ ತಿಳಿಯುವುದಕ್ಕೂ ನಾವು ದುಡ್ಡು ಕೊಡಬೇಕು ಅಂತೀಯ.

ಸಂಶೋಧಕಿ: ಕೊಡಬೇಕು. ತೋಟದಲ್ಲಿ ಬೋರ್‌ವೆಲ್ ಕೊರೆಸುವವರು ನೀರು ಬಾರದ ಬಾವಿಗೂ ಅಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತಾರಲ್ಲ, ಆದರೆ ಅಲ್ಲಿ ನೀರಿಲ್ಲ ಅನ್ನುವ ಸುದ್ದಿ ಪಕ್ಕದ ತೋಟದವರಿಗೂ ತಲುಪುವುದಿಲ್ಲ. ಇಲ್ಲಿ ತಲುಪಿತು. ಆ ಯಾತ್ರೆಯ ವರದಿ, ಕೆಸರಿನ ವಿಶ್ಲೇಷಣೆ ಎಲ್ಲ ಪ್ರಕಟವಾದವು. 2014ರಲ್ಲಿ ಒಂದು ವಿಜ್ಞಾನ ಪತ್ರಿಕೆ ಪೂರ್ತಿ ಒಂದು ವಿಶೇಷ ಸಂಚಿಕೆ ತಂದಿತು. ನಾನು ಸರ್ಕಾರದ ದುಡ್ಡಿನ ಪರವಾಗಿ ಮಾತಾಡುವುದೇ ಅದಕ್ಕೆ. ಖಾಸಗಿ ಕಂಪೆನಿ ಕೊರೆದು ಏನೂ ಸಿಗದಿದ್ದರೆ ಫೈಲು ಮುಚ್ಚಿ ಎತ್ತಿಡುತ್ತದೆ, ಮುಂದಿನವನು ಬಂದು ಅದೇ ಜಾಗದಲ್ಲಿ ಮತ್ತೆ ಕೊರೆಯುತ್ತಾನೆ.

ಬೆಳೆಗಾರ: ಆ ಹಡಗು ಪೂರ್ವಕ್ಕೆ ಹೋದ ಮೇಲೆ?

ಸಂಶೋಧಕಿ: ಸಿಕ್ಕಿತು. ಆಗಸ್ಟ್ ತನಕ ಒಟ್ಟು 21 ಕಡೆ ಕೊರೆದರು. ಕೃಷ್ಣಾ-ಗೋದಾವರಿಯ ಹತ್ತನೆಯ ಜಾಗದಲ್ಲಿ 128 ಮೀಟರ್ ದಪ್ಪದ ಪದರದಲ್ಲಿ ಹೈಡ್ರೇಟ್ ಕಂಡಿತು. ಅಂಡಮಾನಿನ ಹತ್ತಿರ ಜ್ವಾಲಾಮುಖಿ ಬೂದಿಯ ಪದರಗಳಲ್ಲಿ, ಬಹಳ ಆಳದಲ್ಲಿ ಕಂಡಿತು. ಆದರೆ ಆ 128 ಮೀಟರ್ ಇದ್ದದ್ದು ಜೇಡಿಯ ಬಿರುಕುಗಳಲ್ಲಿ. ಜೇಡಿಯಿಂದ ಅನಿಲ ಹರಿದು ಬರುವುದು ಕಷ್ಟ, ಮರಳಿನಲ್ಲಿ ಇದ್ದರೆ ಮಾತ್ರ ತೆಗೆಯುವ ಆಸೆ ಇಟ್ಟುಕೊಳ್ಳಬಹುದು. ಹಾಗಾಗಿ 2015ರಲ್ಲಿ ಜಪಾನಿನ ಚಿಕ್ಯು ಹಡಗು ತರಿಸಿ ಮರಳನ್ನೇ ಹುಡುಕಿಕೊಂಡು ಹೋದರು, 25 ಕಡೆ ಕೊರೆದರು. ಕೃಷ್ಣಾ-ಗೋದಾವರಿಯ ಆಳದ ಮರಳಿನಲ್ಲಿ ದಟ್ಟವಾದ ಹೈಡ್ರೇಟ್ ಸಿಕ್ಕಿತು. ಮರುವರ್ಷ ಅಮೆರಿಕದ ಭೂವೈಜ್ಞಾನಿಕ ಸರ್ವೆಯವರು ಅದನ್ನು ಜಗತ್ತಿಗೆ ಸಾರಿದರು. ಒಎನ್‌ಜಿಸಿ, ಗೇಲ್, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎಲ್ಲ ಸೇರಿ ಕಟ್ಟಿಕೊಂಡು ಬಂದ ಕೆಲಸ ಇದು.

ಬೆಳೆಗಾರ: 2015ಕ್ಕೆ ಸಿಕ್ಕಿದೆ. ಆಮೇಲೆ ತೆಗೆಯುವುದಕ್ಕೆ ಅಡ್ಡ ಬಂದದ್ದು ಏನು?

ಸಂಶೋಧಕಿ: ಮರಳು. ಜಪಾನಿನ ಕತೆ ಕೇಳಿ. 2001ರಿಂದ ಸರ್ಕಾರದ ಯೋಜನೆ ಹಾಕಿಕೊಂಡು, 2013ರ ಮಾರ್ಚಿನಲ್ಲಿ ನಾನ್‌ಕಾಯ್ ಕಡಲಿನಲ್ಲಿ ಅವರು ಜಗತ್ತಿನಲ್ಲೇ ಮೊದಲು ಕಡಲಡಿಯ ಹೈಡ್ರೇಟಿನಿಂದ ಅನಿಲ ಹರಿಸಿದರು. ಬಾವಿಯಿಂದ ನೀರು ಎತ್ತಿ ಒತ್ತಡ ಇಳಿಸಿದರೆ ಗಡ್ಡೆ ಕರಗಿ ಅನಿಲ ಬರುತ್ತದೆ. ಬಂತು, ಆರು ದಿನದಲ್ಲಿ ಸುಮಾರು 1 ಲಕ್ಷ 20 ಸಾವಿರ ಘನ ಮೀಟರ್. ಆಮೇಲೆ ಬಾವಿಯೊಳಗೆ ಮರಳು ನುಗ್ಗಿ ನಿಲ್ಲಿಸಬೇಕಾಯಿತು. ಮರಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿದ್ದದ್ದೇ ಆ ಗಡ್ಡೆ ನೋಡಿ, ಅದು ಕರಗಿದರೆ ಮರಳು ಸಡಿಲವಾಗಿ ಅನಿಲದ ಜೊತೆ ಬರುತ್ತದೆ. 2017ರಲ್ಲಿ ಮತ್ತೆ ಎರಡು ಬಾವಿ ಮಾಡಿದರು, ಒಂದರಲ್ಲಿ ಮತ್ತೆ ಮರಳೇ ಕಾಟ ಕೊಟ್ಟಿತು. ಚೀನಾದವರು 2020ರಲ್ಲಿ ದಕ್ಷಿಣ ಚೀನಾ ಕಡಲಿನ ಶೆನ್‌ಹುವಿನಲ್ಲಿ ಅಡ್ಡಲಾಗಿ ಬಾವಿ ಕೊರೆದು 30 ದಿನದಲ್ಲಿ 8 ಲಕ್ಷ 61 ಸಾವಿರ ಘನ ಮೀಟರ್ ತೆಗೆದರು. ಕೇಳಲು ದೊಡ್ಡದು. ನಮ್ಮ ದೇಶ ಅಷ್ಟನ್ನು 7 ನಿಮಿಷದೊಳಗೆ ಉರಿಸಿ ಮುಗಿಸುತ್ತದೆ.

ಬೆಳೆಗಾರ: ತಿಂಗಳಿಡೀ ಕಡಲಿನಲ್ಲಿ ಹಡಗು ನಿಲ್ಲಿಸಿ ಏಳು ನಿಮಿಷದ ಅನಿಲ! ಅದಕ್ಕೆ ನಾವು ಯಾಕೆ ಕಾಯಬೇಕು ಹೇಳು. ಕೊಚ್ಚಿಯಿಂದ ಮಂಗಳೂರಿಗೆ ಗೇಲ್‌ನ ಪೈಪು ಬಂದಿದೆ, 450 ಕಿಲೋಮೀಟರ್. 2021ರ ಜನವರಿಯಲ್ಲಿ ಪ್ರಧಾನಿ ಉದ್ಘಾಟನೆ ಮಾಡಿದರು. ಹೊರದೇಶದಿಂದ ಹಡಗಿನಲ್ಲಿ ತಂದ ಅನಿಲ ಅದರಲ್ಲಿ ಹರಿಯುತ್ತಿದೆ. ಬೇಕಾದರೆ ತರಿಸಿಕೊಂಡರಾಯಿತು.

ಸಂಶೋಧಕಿ: ತರಿಸಿಕೊಳ್ಳುತ್ತಲೇ ಇದ್ದೇವೆ. ಬಳಸುವ ನೈಸರ್ಗಿಕ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಹೊರಗಿನದು. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದಾಗ ಅದರ ಬೆಲೆ ಏನಾಯಿತು ಅಂತ ನಿಮ್ಮ ಗೊಬ್ಬರದ ಅಂಗಡಿಯವರನ್ನೇ ಕೇಳಿ, ಯೂರಿಯಾ ಆಗುವುದು ಅದೇ ಅನಿಲದಿಂದ. ಇಂಧನದಲ್ಲಿ ಅನಿಲದ ಪಾಲು ಈಗಿನ ಶೇಕಡಾ ಆರರ ಆಸುಪಾಸಿನಿಂದ 2030ಕ್ಕೆ 15ಕ್ಕೆ ಏರಬೇಕು ಅನ್ನುವುದು ಸರ್ಕಾರದ ಗುರಿ. ಆಮದು ನಂಬಿಕೊಂಡ ದೇಶಗಳೇ ಹೈಡ್ರೇಟಿಗೆ ಹೆಚ್ಚು ದುಡ್ಡು ಹಾಕಿವೆ, ಜಪಾನ್, ನಾವು, ಕೊರಿಯಾ. ಬೇರೆ ಬಾಗಿಲು ಇದೆಯೋ ಇಲ್ಲವೋ ನೋಡಿಕೊಳ್ಳುವುದು ನಮಗೆಲ್ಲ ಅಗತ್ಯ.

ಬೆಳೆಗಾರ: ಸರಿ. ಆದರೆ ನನ್ನ ಹೆದರಿಕೆ ದುಡ್ಡಿನದ್ದಲ್ಲ, ಅದನ್ನು ಕೊನೆಗೆ ಹೇಳೋಣ ಅಂತಿದ್ದೆ. ಗಡ್ಡೆ ಮಣ್ಣನ್ನು ಹಿಡಿದುಕೊಂಡಿದೆ, ಕರಗಿದರೆ ಸಡಿಲವಾಗುತ್ತದೆ ಅಂದೆ. ಆ ಮಾತು ಕೇಳಿದ ಕೂಡಲೇ ನನಗೆ 2018ರ ಆಗಸ್ಟ್ ನೆನಪಾಯಿತು. ಜೋಡುಪಾಲ, ಮೊಣ್ಣಂಗೇರಿ, ಮುಕ್ಕೋಡ್ಲು, ಮಕ್ಕಂದೂರು. ನೂರಾರು ವರ್ಷ ನಿಂತಿದ್ದ ಬೆಟ್ಟ, ಒಳಗೆ ನೀರು ತುಂಬಿ ಒತ್ತಡ ಏರಿತು, ಕಾಫಿ ಗಿಡ ಮನೆ ಗದ್ದೆ ಎಲ್ಲ ಒಟ್ಟಿಗೆ ಕೆಳಗೆ ಬಂತು. 2020ರಲ್ಲಿ ತಲಕಾವೇರಿಯ ಹತ್ತಿರವೇ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯಿತು. ಕಡಲಿನ ಕೆಳಗೂ ಇಳಿಜಾರು ಇರುತ್ತದೆಯಲ್ಲ?

ಸಂಶೋಧಕಿ: ಇರುತ್ತದೆ. ಹೈಡ್ರೇಟ್ ಸಿಗುವುದೇ ಹೆಚ್ಚಾಗಿ ಆ ಇಳಿಜಾರಿನಲ್ಲಿ. ನೀವು ಹೇಳಿದ ಕಾರಣವೂ ಸರಿ. ಗಡ್ಡೆ ಕರಗಿದರೆ ಅನಿಲ ಮತ್ತು ನೀರು ಎರಡೂ ಬಿಡುಗಡೆಯಾಗಿ ಕಣಗಳ ನಡುವಿನ ಒತ್ತಡ ಏರುತ್ತದೆ, ಮಣ್ಣಿನ ಹಿಡಿತ ಹೋಗುತ್ತದೆ. ಇಲ್ಲಿ ಮಳೆ ಮಾಡಿದ್ದನ್ನು ಅಲ್ಲಿ ಗಡ್ಡೆ ಮಾಡಬಹುದು.

ಬೆಳೆಗಾರ: ಹಾಗಾದರೆ ಅದನ್ನು ಮುಟ್ಟಬಾರದು. 2018ರಲ್ಲಿ ಭೂವೈಜ್ಞಾನಿಕ ಸರ್ವೆಯವರು ಬಂದು ನೋಡಿ, ಮಳೆಯ ಜೊತೆಗೆ ಇಳಿಜಾರನ್ನು ನೇರ ಕಡಿದು ರಸ್ತೆ, ಮನೆ, ಹೋಂಸ್ಟೇ ಮಾಡಿದ್ದೂ ಕಾರಣ ಅಂದರು. ಕಡಿಯುವುದಕ್ಕೆ ಮೊದಲು ಯಾರೂ ಕೇಳಲಿಲ್ಲ, ಜರಿದ ಮೇಲೆ ವರದಿ ಬಂತು. ಕಡಲಲ್ಲೂ ಹಾಗೇ ಆಗುತ್ತದೆ.

ಸಂಶೋಧಕಿ: ನೀವು ಹೇಳಿದ ಕಡೆಯ ಮಾತೇ ನನ್ನ ಪಕ್ಷ, ಮಾವ. ಜರಿಯುವುದಕ್ಕೆ ಮೊದಲು ಅಭ್ಯಾಸ ಆಗಬೇಕು. ನಾರ್ವೆಯ ಕಡಲಲ್ಲಿ ಸ್ಟೊರೆಗ್ಗ ಅಂತ ಒಂದು ಕುಸಿತ ಆಗಿದೆ, ಸುಮಾರು 8,000 ವರ್ಷದ ಹಿಂದೆ. 3,000 ಘನ ಕಿಲೋಮೀಟರಿನಷ್ಟು ಮಣ್ಣು ಜಾರಿ, ಎದ್ದ ಸುನಾಮಿ ಸ್ಕಾಟ್ಲೆಂಡಿನ ದಡಕ್ಕೂ ನುಗ್ಗಿದ ಗುರುತು ಇದೆ. ಹೈಡ್ರೇಟ್ ಕರಗಿಯೇ ಹಾಗಾಯಿತು ಅಂತ ಬಹಳ ಕಾಲ ಅನುಮಾನ ಪಟ್ಟರು. ಆ ಕುಸಿತದ ಗಾಯದೊಳಗೇ ಓರ್ಮೆನ್ ಲಾಂಗೆ ಅನ್ನುವ ದೊಡ್ಡ ಅನಿಲದ ನಿಕ್ಷೇಪ ಸಿಕ್ಕಿತು. ಅವರು ಮೊದಲೇ ಪೈಪು ಹಾಕಲಿಲ್ಲ. ಆ ಇಳಿಜಾರು ಯಾಕೆ ಜಾರಿತು ಅಂತ ವರ್ಷಗಟ್ಟಲೆ ಕೆಸರು ತೆಗೆದು ನೋಡಿದರು. ಹಿಮಯುಗದಲ್ಲಿ ಹಿಮನದಿಗಳು ತಂದು ಬೇಗಬೇಗ ಸುರಿದ ಮಣ್ಣಿನ ಭಾರ, ಅದರ ಮೇಲೆ ಒಂದು ಭೂಕಂಪ, ಇದೇ ಮುಖ್ಯ ಕಾರಣ ಅಂತ ತೀರ್ಮಾನಕ್ಕೆ ಬಂದ ಮೇಲೆ 2007ರಲ್ಲಿ ಅಲ್ಲಿಂದ ಅನಿಲ ತೆಗೆಯಲು ಶುರು ಮಾಡಿದರು. ಅಂಥ ಅಭ್ಯಾಸ ಕೊಡಗಿನ ಬೆಟ್ಟಕ್ಕೆ 2018ಕ್ಕಿಂತ ಮೊದಲು ಆಗಿದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಸಂಶೋಧನೆಗೆ ದುಡ್ಡು ಬೇಡ ಅಂದರೆ ಕಡಲಡಿ ಸುರಕ್ಷಿತವಾಗಿ ಉಳಿಯುತ್ತದೆ ಅಂತ ತಿಳಿಯಬೇಡಿ. ಯಾವತ್ತೋ ಅನಿಲದ ಬೆಲೆ ಮೂರು ಪಟ್ಟಾದಾಗ ಅವಸರದಲ್ಲಿ, ಏನೂ ಗೊತ್ತಿಲ್ಲದೆ ಹೋಗಿ ಕೊರೆಯುತ್ತಾರೆ.

ಬೆಳೆಗಾರ: ಬೆಲೆ ಏರಿದರೆ ಏನೆಲ್ಲ ಮಾಡುತ್ತಾರೆ ಅನ್ನುವುದು ನಮಗೆ ಗೊತ್ತಿಲ್ಲದ್ದಲ್ಲ. ಮೈಸೂರಿನಿಂದ ಕೋಯಿಕ್ಕೋಡಿಗೆ 400 ಕೆವಿ ಲೈನ್ ಎಳೆದಾಗ ದಕ್ಷಿಣ ಕೊಡಗಿನಲ್ಲಿ ಸಾವಿರಾರು ಮರ ಹೋಯಿತು. ಊರವರು ಬೇಡ ಅಂದರು, ಬೀದಿಗಿಳಿದರು. ಕರೆಂಟು ಬೇರೆಯವರಿಗೆ, ಬಿದ್ದ ಮರ ನಮ್ಮದು. ಅದಕ್ಕೇ ಇಂಧನದ ಹೆಸರು ಎತ್ತಿಕೊಂಡು ಯಾರು ಬಂದರೂ ಇಲ್ಲಿ ಜನ ಮೊದಲು ಹಿಂದೆ ಸರಿಯುತ್ತಾರೆ. ಇನ್ನೊಂದು ಹೇಳು, ಮೀಥೇನ್ ಬಿಸಿ ಹೆಚ್ಚಿಸುವ ಅನಿಲ ಅಲ್ಲವಾ? ಕಾಫಿ ಅರಳಿಸುವ ಹೂಮಳೆ ಬರಬೇಕಾದಾಗ ಬಾರದೆ, ಕೊಯ್ಲಿನಲ್ಲಿ ಹಣ್ಣು ಒಣಗಿಸಲು ಬಿಡದೆ ಮಳೆ ಬರುತ್ತಿರುವ ಕಾಲದಲ್ಲಿ ಇನ್ನೊಂದು ಇಂಧನ ಹುಡುಕುವುದೇ ತಪ್ಪು ಅನ್ನಿಸುತ್ತದೆ.

ಸಂಶೋಧಕಿ: ಉರಿಸದೆ ಹಾಗೇ ಬಿಟ್ಟರೆ ಮೀಥೇನ್ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ 80 ಪಟ್ಟು ಬಿಸಿ ಹಿಡಿಯುತ್ತದೆ, ನೂರು ವರ್ಷದ ಲೆಕ್ಕದಲ್ಲಿ 28 ಪಟ್ಟು. ಉರಿಸಿದರೂ ಹೊಗೆ ಇದ್ದೇ ಇದೆ, ಕಲ್ಲಿದ್ದಲಿಗಿಂತ ಕಡಿಮೆ ಅಷ್ಟೇ. ನಮ್ಮ ಸರ್ಕಾರವೇ 2070ಕ್ಕೆ ನಿವ್ವಳ ಸೊನ್ನೆ ಅಂತ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಹೈಡ್ರೇಟ್ ಇನ್ನು ಇಪ್ಪತ್ತು ವರ್ಷಕ್ಕೆ ಕೈಗೆ ಬಂದರೆ ಅದನ್ನು ಬಳಸಲು ಉಳಿಯುವ ಕಾಲ ಎಷ್ಟು? ಈ ಪ್ರಶ್ನೆ ನಾನೂ ಕೇಳಿಕೊಳ್ಳುತ್ತೇನೆ, ಇದಕ್ಕೆ ಸುಲಭದ ಉತ್ತರ ಕೊಟ್ಟು ನಿಮ್ಮ ಬಾಯಿ ಮುಚ್ಚಿಸುವ ಆಸೆ ನನಗಿಲ್ಲ. ನನ್ನ ಮಾತು ಇಷ್ಟು. ಅದನ್ನು ತೆಗೆದರೂ ತೆಗೆಯದಿದ್ದರೂ ಅದು ಅಲ್ಲಿದೆ. ಕಡಲು ಬಿಸಿಯಾದರೆ ತಾನಾಗಿ ಕರಗಿ ಗಾಳಿಗೆ ಬಂದುಬಿಡುತ್ತದೆಯೇ ಅನ್ನುವುದು ಜಗತ್ತನ್ನೇ ಕಾಡಿದ ಪ್ರಶ್ನೆ. ಆಳದ ಕಡಲಲ್ಲಿ ಬಿಡುಗಡೆಯಾದ ಮೀಥೇನಿನ ಬಹುಭಾಗವನ್ನು ಕೆಸರಿನ, ನೀರಿನ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ, ಈಗ ಅದು ಗಾಳಿಗೆ ಸೇರುತ್ತಿದೆ ಅನ್ನಲು ಗಟ್ಟಿ ಪುರಾವೆ ಇಲ್ಲ ಅಂತ 2017ರಲ್ಲಿ ಒಂದು ದೊಡ್ಡ ಪರಾಮರ್ಶೆ ಹೇಳಿತು. ಅದು ನೆಮ್ಮದಿಯ ಸುದ್ದಿ. ಆ ಸುದ್ದಿ ಸಿಕ್ಕಿದ್ದು ಇಂಧನದ ಹೆಸರಿನಲ್ಲಿ ಕೊಟ್ಟ ದುಡ್ಡಿನಿಂದಲೂ ಹೌದು.

ಬೆಳೆಗಾರ: ಇಂಧನದ ಹೆಸರು ಹೇಳಿ ಬೇರೆ ಕೆಲಸ ಮಾಡಿಕೊಳ್ಳುತ್ತೀರಿ ಅಂತಾಯಿತು.

ಸಂಶೋಧಕಿ: ಹೆಸರು ಇಂಧನದ್ದು, ಸಿಗುವುದು ಕೆಸರು. ಆ ಕೆಸರು ಏನು ಹೇಳುತ್ತದೋ ಅದನ್ನು ಕೇಳಿಸಿಕೊಳ್ಳದೆ ಎಸೆಯಬೇಕಾ? 2006ರ ಅದೇ ಯಾತ್ರೆಯಲ್ಲಿ ಗೋದಾವರಿ ಮುಖದ ಹತ್ತಿರ ಹದಿನಾರನೆಯ ಜಾಗದಲ್ಲಿ ಒಂದು ಕೆಸರಿನ ಕಂಬ ತೆಗೆದರು. ಎಲೆಗಳ ಮೇಲೆ ಮೇಣದ ಪದರ ಇರುತ್ತದಲ್ಲ, ಎಲೆ ಕೊಳೆತರೂ ಆ ಮೇಣ ಸಾವಿರಾರು ವರ್ಷ ಉಳಿಯುತ್ತದೆ. ನೀರು ಸಾಕಷ್ಟಿದ್ದಾಗ ಬೆಳೆದ ಗಿಡದ ಮೇಣ ಬೇರೆ, ಬರ ತಡೆಯುವ ಹುಲ್ಲಿನ ಮೇಣ ಬೇರೆ. ಆ ಮೇಣವನ್ನು ಓದಿ ದಖ್ಖನಿನ ಮಳೆಯ ಹತ್ತು ಸಾವಿರ ವರ್ಷದ ಚರಿತ್ರೆ ಬರೆದರು, 2012ರಲ್ಲಿ ಪ್ರಕಟವಾಯಿತು. ಸುಮಾರು 4,000 ವರ್ಷದ ಹಿಂದೆ ಒಣಹವೆ ಶುರುವಾಯಿತು, 1,700 ವರ್ಷದ ಹಿಂದೆ ಇನ್ನೂ ಹೆಚ್ಚಿತು ಅಂತ ಅದರಲ್ಲಿದೆ. ಮುಂಗಾರು ತನ್ನಷ್ಟಕ್ಕೆ ಎಷ್ಟು ಬದಲಾಗುತ್ತದೆ, ಈಗಿನ ಬದಲಾವಣೆಯಲ್ಲಿ ನಮ್ಮ ಕೈ ಎಷ್ಟು ಅಂತ ತೂಗಬೇಕಾದರೆ ಅಂಥ ಹಳೆಯ ಲೆಕ್ಕವೇ ತಕ್ಕಡಿ. ಹೂಮಳೆ ಯಾಕೆ ತಪ್ಪುತ್ತಿದೆ ಅಂತ ನೀವು ಕೇಳುವ ಪ್ರಶ್ನೆಗೆ ಹತ್ತಿರದ ಕೆಲಸ ಅದು. ಮೀಥೇನ್ ಹುಡುಕಲು ಹೋದ ಹಡಗು ತಂದದ್ದು.

ಬೆಳೆಗಾರ: ಇದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ. ಆದರೂ ನನ್ನ ಲೆಕ್ಕ ಇನ್ನೊಂದಿದೆ, ಅದನ್ನು ನೀನು ಕೇಳಬೇಕು. ಮೀಥೇನ್ ಬೇಕು ಅಂದರೆ ಎರಡು ಕಿಲೋಮೀಟರ್ ನೀರಿನ ಕೆಳಗೆ ಯಾಕೆ ಹೋಗಬೇಕು? ಡಿಸೆಂಬರಿನಲ್ಲಿ ಯಾವುದಾದರೂ ಅರೇಬಿಕಾ ತೋಟದ ಪಲ್ಪಿಂಗ್ ಮನೆಯ ಹಿಂದೆ ಹೋಗು. ಹಣ್ಣಿನ ಸಿಪ್ಪೆ ತೆಗೆದು ಬೀಜ ತೊಳೆದ ನೀರು ಗುಂಡಿಯಲ್ಲಿ ನಿಂತಿರುತ್ತದೆ, ಸಿಹಿ, ಲೋಳೆ, ಹುಳಿ. ಹೊಳೆಗೆ ಬಿಡಬಾರದು ಅಂತ ಮಾಲಿನ್ಯ ಮಂಡಳಿಯ ಕಟ್ಟಪ್ಪಣೆ ಇದೆ, ಬಿಡಬಾರದು ಕೂಡ, ಬಿಟ್ಟರೆ ಮೀನು ಸಾಯುತ್ತದೆ. ಹಾಗಾಗಿ ಗುಂಡಿಯಲ್ಲೇ ಕೊಳೆಯುತ್ತದೆ, ಮೇಲೆ ಗುಳ್ಳೆ ಏಳುತ್ತಿರುತ್ತದೆ. ಅದು ಏನು?

ಸಂಶೋಧಕಿ: ಮೀಥೇನ್. ಕಡಲಡಿಯಲ್ಲಿ ನಡೆಯುವ ಕೆಲಸವೇ, ಅದೇ ಜಾತಿಯ ಜೀವಿಗಳಿಂದ.

ಬೆಳೆಗಾರ: ಅದು ಸುಮ್ಮನೆ ಗಾಳಿಗೆ ಹೋಗುತ್ತಿದೆ. ನೀನು ಹೇಳಿದ ಎಂಬತ್ತು ಪಟ್ಟು ಬಿಸಿ ಅದಕ್ಕೂ ಉಂಟು. ಅದರ ಮೇಲೆ ಒಂದು ಮುಚ್ಚಳ ಹಾಕಿ ಹಿಡಿದರೆ ಡ್ರೈಯರ್ ಓಡಿಸಬಹುದು, ಲೈನ್‌ಮನೆಗಳ ಒಲೆ ಉರಿಸಬಹುದು, ಮಳೆಗಾಲದಲ್ಲಿ ಹಸಿ ಸೌದೆ ಊದಿ ಕಣ್ಣು ಕೆಡಿಸಿಕೊಳ್ಳುವ ಹೆಂಗಸರಿಗೆ ಅನುಕೂಲ. ಕಷ್ಟವೂ ಇದೆ, ನಾನು ಬಲ್ಲೆ. ಪಲ್ಪಿಂಗ್ ನಡೆಯುವುದು ವರ್ಷದಲ್ಲಿ ಎರಡು ಮೂರು ತಿಂಗಳು, ನೀರು ಹುಳಿಯಾಗಿ ಸೂಕ್ಷ್ಮಜೀವಿಗಳು ಸಾಯುತ್ತವೆ, ಸಣ್ಣ ಬೆಳೆಗಾರನಿಗೆ ಟ್ಯಾಂಕ್ ಕಟ್ಟಿಸುವ ಶಕ್ತಿ ಇರುವುದಿಲ್ಲ. ಈ ಕಷ್ಟಗಳೇ ಸಂಶೋಧನೆ ಬೇಡುವ ಕಷ್ಟಗಳು. ಕಡಲಡಿಗೆ ಮೂವತ್ತು ವರ್ಷ ತಾಳ್ಮೆ ತೋರಿಸಿದ ಸರ್ಕಾರ ಈ ಗುಂಡಿಗೆ ಎಷ್ಟು ವರ್ಷ ತೋರಿಸಿದೆ?

ಸಂಶೋಧಕಿ: ಇದಕ್ಕೆ ನನ್ನಲ್ಲಿ ಎದುರು ಮಾತಿಲ್ಲ. ನಮ್ಮ ರಾಜ್ಯದಲ್ಲೇ ಒಂದು ಕಾಲಕ್ಕೆ ಆ ತಾಳ್ಮೆ ಇತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಅಸ್ತ್ರ ಅನ್ನುವ ಘಟಕ ಕಟ್ಟಿದರು, ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದಕ್ಕೆ ಅಂತಲೇ. ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಊರ ಸಗಣಿಯ ಅನಿಲದಿಂದ ಜನರೇಟರ್ ಓಡಿಸಿ ಮನೆಗಳಿಗೆ ದೀಪ, ಕುಡಿಯುವ ನೀರು ಕೊಟ್ಟರು. ಅವರ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಅಡುಗೆಮನೆಗೆ ಹೋಯಿತು. ವಿಜ್ಞಾನಿ ಹಳ್ಳಿಯಲ್ಲಿ ಕೂತು ಒಲೆಯ ಹೊಗೆ ಅಳೆಯುತ್ತಿದ್ದ ದಿನಗಳು ಅವು.

ಬೆಳೆಗಾರ: ಅಂಥವರು ಬೇಕು. ಕಡಲಿಗೂ ಕೊಡಲಿ, ಗುಂಡಿಗೂ ಕೊಡಲಿ.

ಸಂಶೋಧಕಿ: ಹಾಗಾದರೆ ಕಡಲಿಗೆ ಕೊಡಬಹುದು ಅಂತ ಒಪ್ಪಿದಿರಿ?

ಬೆಳೆಗಾರ: ಷರತ್ತಿನ ಮೇಲೆ. ಕೊಡಗಿನವರು ಸರ್ಕಾರಕ್ಕೆ ತೆರಿಗೆ ಕಟ್ಟುತ್ತಾರೆ, ಕೇಳುವ ಹಕ್ಕಿದೆ. ಒಂದು, ಇದು ಇಂಧನ ಅಂತ ಆಸೆ ತೋರಿಸಿ ದುಡ್ಡು ಕೇಳಬಾರದು. 27,000 ವರ್ಷ ಸಾಕಾಗುತ್ತದೆ ಅನ್ನುವ ಲೆಕ್ಕ ಮಂತ್ರಿಗಳ ಭಾಷಣದಲ್ಲಿ ಬರಬಾರದು. ಇದು ಅಭ್ಯಾಸ, ಸಿಕ್ಕಿದರೆ ಸಿಕ್ಕಿತು, ಅಂತ ನೇರ ಹೇಳಲಿ, ಜನ ಒಪ್ಪುತ್ತಾರೆ.

ಸಂಶೋಧಕಿ: ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಇದಕ್ಕೇ ಅಂತ ಒಂದು ಕಾಯಿದೆ ಮಾಡಿದರು. ಐದು ವರ್ಷಕ್ಕೆ ನಾಲ್ಕು ಕೋಟಿ 75 ಲಕ್ಷ ಡಾಲರ್ ತನಕ ಕೊಡಬಹುದು ಅಂತ ಮಿತಿ ಹಾಕಿ, ಜೊತೆಗೆ ಕೆಲಸ ಮಾಡುವವರಲ್ಲದ ಬೇರೆ ವಿಜ್ಞಾನಿಗಳು ಅದನ್ನು ಪರಿಶೀಲಿಸಿ ವರದಿ ಕೊಡಬೇಕು ಅಂತ ಕಾಯಿದೆಯಲ್ಲೇ ಬರೆದರು. ಕಡಲಿನ ಪರಿಸರಕ್ಕೆ ಆಗುವ ಅಪಾಯದ ಅಭ್ಯಾಸವೂ ಅದೇ ಕಾಯಿದೆಯ ಕೆಲಸಗಳಲ್ಲಿ ಸೇರಿತ್ತು. ನಮ್ಮಲ್ಲಿ ಕಾರ್ಯಕ್ರಮ ನಡೆಯುವುದು ಪೆಟ್ರೋಲಿಯಂ ಸಚಿವಾಲಯದ ಕೈಕೆಳಗೆ. 2018ರಲ್ಲಿ ಹೈಡ್ರೇಟನ್ನೂ ಸೇರಿಸಿ ಒಂದು ಹೊಸ ನೀತಿ ಬಂತು, ಈಗಾಗಲೇ ತೈಲ-ಅನಿಲ ಹುಡುಕಲು ಬ್ಲಾಕ್ ಪಡೆದ ಕಂಪೆನಿಗಳು ಅದನ್ನೂ ಹುಡುಕಬಹುದು ಅಂತ. ಹುಡುಕುವವರಿಗೆ ದಾರಿ ತೆರೆದಷ್ಟೇ ಗಟ್ಟಿಯಾಗಿ, ಹೊರಗಿನವರು ಪರಿಶೀಲಿಸುವ ನಿಯಮವೂ ಕಾಗದದ ಮೇಲೆ ಬರಬೇಕು ಅನ್ನುವುದು ನನ್ನ ಆಸೆ.

ಬೆಳೆಗಾರ: ಅದು ಎರಡನೆಯ ಷರತ್ತು, ನಾನು ಹೇಳುವುದಕ್ಕೆ ಮೊದಲೇ ನೀನು ಹೇಳಿದೆ. ಮೂರನೆಯದು, ಇಳಿಜಾರಿನ ಅಭ್ಯಾಸ ಮುಗಿಯದೆ ಒಂದು ದಿನವೂ ತೆಗೆಯಬಾರದು. ಬಾವಿ ಹಾಕುವ ಮೊದಲು ಅಲ್ಲಿಯ ನೀರಿನಲ್ಲಿ ಮೀಥೇನ್ ಎಷ್ಟು, ಮಣ್ಣು ಎಷ್ಟು ಸರಿಯುತ್ತಿದೆ ಅಂತ ವರ್ಷಗಟ್ಟಲೆ ಅಳೆದು ಇಟ್ಟಿರಬೇಕು. ಇಲ್ಲದಿದ್ದರೆ ಆಮೇಲೆ ಏನಾದರೂ ಆದಾಗ ಇದು ಮೊದಲೇ ಹೀಗಿತ್ತು ಅಂತಾರೆ. ನಮ್ಮ ಬೆಟ್ಟಕ್ಕೂ ಹಾಗೇ ಅಂದವರಿದ್ದಾರೆ.

ಸಂಶೋಧಕಿ: ಅದು ನಾನು ಮಾಡುವ ಕೆಲಸವೇ. ಅದಕ್ಕೇ ದುಡ್ಡು ಕಡಿಮೆ ಸಿಗುವುದು. ಬಾವಿ ಕೊರೆಯಲು ಹಡಗು ಬಂದರೆ ಸುದ್ದಿಯಾಗುತ್ತದೆ. ಅದೇ ಜಾಗದಲ್ಲಿ ಹತ್ತು ವರ್ಷ ಒಂದು ಉಪಕರಣ ಇಟ್ಟು ಅಳೆಯುತ್ತೇವೆ ಅಂದರೆ ಪ್ರತಿ ಸಲವೂ ಯಾಕೆ ಅಂತ ಕೇಳುತ್ತಾರೆ.

ಬೆಳೆಗಾರ: ಕೊನೆಯದು ಕನ್ನಡದಲ್ಲಿ ಹೇಳಬೇಕು ಅನ್ನುವುದು. ಗಾಡ್ಗೀಳರ ವರದಿ 2011ರಲ್ಲಿ ಬಂತು, ಕಸ್ತೂರಿರಂಗನ್ ಅವರದು 2013ರಲ್ಲಿ. ಪಶ್ಚಿಮ ಘಟ್ಟದ ವರದಿಗಳು, ನಮ್ಮದೇ ಬೆಟ್ಟದವು. ಊರಿನಲ್ಲಿ ಅದನ್ನು ಓದಿದವರಿಗಿಂತ ಅದರ ಬಗ್ಗೆ ಯಾರೋ ಹೇಳಿದ್ದನ್ನು ಕೇಳಿ ಹೆದರಿದವರು ಹೆಚ್ಚು. ಓದಿ ಬೇಡ ಅಂದಿದ್ದರೆ ಅದು ಬೇರೆ ಮಾತು. ಕೇರಳ-ಕೊಂಕಣದ ಬಾವಿಯಲ್ಲಿ ಏನೂ ಸಿಗಲಿಲ್ಲ, ಗೋದಾವರಿಯ ಕೆಸರಿನಲ್ಲಿ ಮಳೆಯ ಚರಿತ್ರೆ ಸಿಕ್ಕಿತು, ಜಪಾನಿನವರಿಗೆ ಮರಳು ಅಡ್ಡ ಬಂತು ಅಂತ ನೀನು ಈಗ ಹೇಳಿದೆಯಲ್ಲ, ಅಷ್ಟನ್ನೇ ಬರೆದು ಮಡಿಕೇರಿಯ ಕಾಲೇಜಿಗೆ, ಪೊನ್ನಂಪೇಟೆಯ ಅರಣ್ಯ ಕಾಲೇಜಿಗೆ, ಮಂಗಳೂರಿನ ಮೀನುಗಾರರ ಸಂಘಗಳಿಗೆ ಕಳಿಸಿ. ಅವರ ಪ್ರಶ್ನೆಗಳಿಗೆ ಉತ್ತರ ಕೊಡಿ. ಆಮೇಲೆ ಇನ್ನಷ್ಟು ದುಡ್ಡು ಕೇಳಿ.

ಸಂಶೋಧಕಿ: ಬರೆದು ಕಳಿಸುವುದು ನನ್ನ ಕೈಯಲ್ಲಿದೆ, ಮಾಡುತ್ತೇನೆ. ಮೊದಲ ಷರತ್ತಿಗೆ ಮಾತ್ರ ನಾನು ಮಾತು ಕೊಡಲಾರೆ ಮಾವ. ಸಂಶೋಧನೆಗೆ ದುಡ್ಡು ಕೇಳುವಾಗ ಅರ್ಜಿಯ ಮೊದಲ ಸಾಲಿನಲ್ಲಿ ಇಂಧನ ಭದ್ರತೆ ಅಂತ ಬರೆಯದಿದ್ದರೆ ಎರಡನೆಯ ಸಾಲು ಓದುವುದೇ ಇಲ್ಲ.

ಬೆಳೆಗಾರ: ಹಾಗಾದರೆ ಆ ಮೊದಲ ಸಾಲಿನ ಜೊತೆಗೇ, ಇದು ಸಿಗದೇ ಇರಬಹುದು ಅಂತಲೂ ಬರೆ. ಅದನ್ನು ಓದಿಯೂ ದುಡ್ಡು ಕೊಟ್ಟರೆ ಆಗ ಅದು ನಿಜವಾದ ಬೆಂಬಲ.